ಮಂಗಳೂರಿನ ಮಲೇರಿಯಾ ಸೊಳ್ಳೆಯ ಕೀಟನಾಶಕ ನಿರೋಧಕತೆ: ಸ್ಪ್ರೆಡ್‌ಶೀಟಿನಲ್ಲಿ ಒಂದು ಮಾದರಿ ಕಟ್ಟುವ ಬಗೆ

ಮಂಗಳೂರಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ತಾರಸಿಯ ಟ್ಯಾಂಕು, ಮನೆಯ ಬಾವಿ, ಹೊಸ ಕಟ್ಟಡದ ಸ್ಲ್ಯಾಬಿನ ಮೇಲೆ ಸಣ್ಣ ಕಟ್ಟೆ ಕಟ್ಟಿ ಕ್ಯೂರಿಂಗಿಗೆಂದು ನಿಲ್ಲಿಸಿದ ನೀರು, ಇಂಥ ಕಡೆಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಇಂಥ ಸೊಳ್ಳೆಯಲ್ಲಿ ಕೀಟನಾಶಕಕ್ಕೆ ಸಾಯದ ಗುಣ ಎಷ್ಟು ಬೇಗ ಹಬ್ಬೀತು ಎಂಬುದನ್ನು ಲೆಕ್ಕ ಹಾಕಲು ದೊಡ್ಡ ಗಣಕಯಂತ್ರವೇನೂ ಬೇಡ. ಪದವಿ ಮಟ್ಟದ ತಳಿವಿಜ್ಞಾನ ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕು. ಇಲ್ಲಿ ಹೇಳುವ ಕ್ರಮವು ವಿದ್ಯಾರ್ಥಿಗಳಿಗೂ ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿಗೂ ಉಪಯೋಗವಾಗಬೇಕೆಂದು ಸರಳವಾಗಿಟ್ಟಿದ್ದೇನೆ.

ಮೊದಲು ಬೇಕಾದದ್ದು ಪರೀಕ್ಷೆಯ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ನಳಿಕೆ ಪರೀಕ್ಷೆಯಲ್ಲಿ 3ರಿಂದ 5 ದಿನ ವಯಸ್ಸಿನ, ಇನ್ನೂ ರಕ್ತ ಹೀರದ ಹೆಣ್ಣು ಸೊಳ್ಳೆಗಳನ್ನು ನಳಿಕೆಗೆ ಸುಮಾರು 25ರಂತೆ ಹಸಿರು ಚುಕ್ಕೆಯ ನಳಿಕೆಗೆ ಬಿಟ್ಟು, ಅಲ್ಲಿಂದ ಔಷಧ ಲೇಪಿತ ಕಾಗದ ಸುತ್ತಿದ ಕೆಂಪು ಚುಕ್ಕೆಯ ನಳಿಕೆಗೆ ಊದಿ ದಾಟಿಸಿ, ಒಂದು ಗಂಟೆಯ ನಂತರ ಮತ್ತೆ ಹಸಿರಿಗೆ ತಂದು, ಸಕ್ಕರೆ ನೀರಿನ ಹತ್ತಿ ಇಟ್ಟು 24 ಗಂಟೆ ಕಾಯುತ್ತಾರೆ. ನೆಟ್ಟಗೆ ನಿಲ್ಲಲಾಗದ, ಹಾರಲಾಗದ ಸೊಳ್ಳೆಯನ್ನು ಸತ್ತ ಲೆಕ್ಕಕ್ಕೆ ಸೇರಿಸಬೇಕು. ಕಾಲು ಅಲುಗುತ್ತಿದೆ ಎಂಬ ಕಾರಣಕ್ಕೆ ಬದುಕಿದ್ದರಲ್ಲಿ ಎಣಿಸುವುದು ಹೊಸಬರಲ್ಲಿ ಸಾಮಾನ್ಯ. ಡೆಲ್ಟಾಮೆಥ್ರಿನ್‌ಗೆ ಶೇ. 0.05ರ, ಮೆಲಾಥಿಯಾನ್‌ಗೆ ಶೇ. 5ರ ಕಾಗದ ರೂಢಿಯಲ್ಲಿದೆ. ಸಾವಿನ ಪ್ರಮಾಣ ಶೇ. 98 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದೂ, ಶೇ. 90ಕ್ಕಿಂತ ಕಡಿಮೆಯಿದ್ದರೆ ನಿರೋಧಕತೆ ಖಚಿತ ಎಂದೂ ಪರಿಗಣಿಸುತ್ತಾರೆ. ನಡುವಿನದು ಅನುಮಾನದ ವಲಯ.

ಔಷಧ ಸೋಕದ ನಳಿಕೆಯಲ್ಲೂ ಕೆಲವು ಸಾಯುವುದರಿಂದ 1925ರಷ್ಟು ಹಳೆಯದಾದ ಅಬಾಟ್ ಸೂತ್ರದಿಂದ ಅಂಕಿಯನ್ನು ಸರಿಪಡಿಸಬೇಕು. ಔಷಧದ ನಳಿಕೆಯಲ್ಲಿ ಶೇ. 88, ಬರಿಯ ನಳಿಕೆಯಲ್ಲಿ ಶೇ. 8 ಸತ್ತಿದ್ದರೆ, 88ರಿಂದ 8 ಕಳೆದು ಬಂದ 80ನ್ನು, 100ರಿಂದ 8 ಕಳೆದ 92ರಿಂದ ಭಾಗಿಸಿದಾಗ ಶೇ. 87 ಸಿಗುತ್ತದೆ. ಬರಿಯ ನಳಿಕೆಯಲ್ಲೇ ಶೇ. 20 ಸತ್ತಿದ್ದರೆ ಆ ದಿನದ ಪರೀಕ್ಷೆಯನ್ನೇ ಬಿಟ್ಟುಬಿಡಬೇಕು.

ಇನ್ನು ಮಾದರಿ. ಒಂದೇ ಜೀನಿನ ಬೇರೆ ಬೇರೆ ರೂಪಗಳಿಗೆ ಆಲೀಲು ಎನ್ನುತ್ತಾರೆ, ಪ್ರತಿ ಸೊಳ್ಳೆಯಲ್ಲೂ ಅಂಥವು ಎರಡು. ನಿರೋಧಕ ಆಲೀಲನ್ನು ಆರ್ ಎಂದೂ ಸಾಮಾನ್ಯ ಆಲೀಲನ್ನು ಎಸ್ ಎಂದೂ ಕರೆಯೋಣ. ನರಕೋಶದ ಸೋಡಿಯಂ ನಾಲೆಯಲ್ಲಿ 1014ನೆಯ ಸ್ಥಾನದ ಲ್ಯೂಸೀನ್ ಎಂಬ ಅಮೈನೊ ಆಮ್ಲ ಬದಲಾಗುವ ಕೆಡಿಆರ್ (ನಾಕ್‌ಡೌನ್ ರೆಸಿಸ್ಟೆನ್ಸ್) ರೂಪಾಂತರ, ಡೆಲ್ಟಾಮೆಥ್ರಿನ್ ಸೇರಿರುವ ಪೈರೆಥ್ರಾಯ್ಡ್ ವರ್ಗದ ಔಷಧಗಳ ವಿಷಯದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ. ಆರ್‌ನ ಪ್ರಮಾಣ ಪಿ, ಎಸ್‌ನ ಪ್ರಮಾಣ ಕ್ಯೂ ಆದರೆ ಆರ್‌ಆರ್, ಆರ್‌ಎಸ್, ಎಸ್‌ಎಸ್ ಸೊಳ್ಳೆಗಳು ಪಿಯ ವರ್ಗ, ಪಿ-ಕ್ಯೂಗಳ ಗುಣಲಬ್ಧದ ಎರಡರಷ್ಟು, ಕ್ಯೂನ ವರ್ಗ ಎಂಬ ಪ್ರಮಾಣದಲ್ಲಿರುತ್ತವೆ. ಪ್ರತಿಯೊಂದಕ್ಕೂ ಒಂದು ಬದುಕುಳಿಯುವ ದರ ಕೊಡಬೇಕು. ಅರ್ಧದಷ್ಟು ಸೊಳ್ಳೆಗಳಿಗೆ ಔಷಧ ತಗಲುತ್ತದೆ, ತಗಲಿದ ಎಸ್‌ಎಸ್‌ನಲ್ಲಿ ಶೇ. 10, ಆರ್‌ಆರ್‌ನಲ್ಲಿ ಶೇ. 90 ಉಳಿಯುತ್ತವೆ ಎಂದುಕೊಂಡರೆ ಒಟ್ಟು ದರ ಕ್ರಮವಾಗಿ 0.55 ಮತ್ತು 0.95 ಆಗುತ್ತದೆ. ಮುಂದಿನ ತಲೆಮಾರಿನ ಪಿ ಬೇಕಾದರೆ, ಪಿಯ ವರ್ಗವನ್ನು ಆರ್‌ಆರ್‌ನ ದರದಿಂದಲೂ, ಪಿ-ಕ್ಯೂ ಗುಣಲಬ್ಧವನ್ನು ಆರ್‌ಎಸ್‌ನ ದರದಿಂದಲೂ ಗುಣಿಸಿ, ಕೂಡಿಸಿ, ಇಡೀ ಸಮೂಹದ ಸರಾಸರಿ ದರದಿಂದ ಭಾಗಿಸಬೇಕು. ಇದನ್ನು ಒಂದು ಸಾಲಿನಲ್ಲಿ ಬರೆದು ಕೆಳಗೆಳೆದರೆ ಒಂದೊಂದು ಸಾಲೂ ಒಂದೊಂದು ತಲೆಮಾರು.

ಆರ್‌ಎಸ್‌ಗೆ ಯಾವ ದರ ಎಂಬುದೇ ಇಡೀ ಲೆಕ್ಕದ ಕೀಲಿ. ಪಿ ಶೇ. 1ರಿಂದ ಆರಂಭವಾಗಲಿ. ಆರ್‌ಎಸ್ ಕೂಡ ಎಸ್‌ಎಸ್‌ನಂತೆಯೇ ಸಾಯುವುದಾದರೆ, ಅಂದರೆ ನಿರೋಧಕ ಗುಣ ದುರ್ಬಲವಾಗಿದ್ದರೆ, 10 ತಲೆಮಾರಿನ ನಂತರವೂ ಪಿ ಸುಮಾರು ಶೇ. 1.08 ಮಾತ್ರ. ಆರ್‌ಎಸ್ ಕೂಡ ಆರ್‌ಆರ್‌ನಂತೆ ಬದುಕುವುದಾದರೆ, ಅಂದರೆ ಗುಣ ಪ್ರಬಲವಾಗಿದ್ದರೆ, ಅದೇ 10 ತಲೆಮಾರಿಗೆ ಪಿ ಶೇ. 47 ದಾಟುತ್ತದೆ. ಔಷಧ ಅದೇ, ತಗಲುವ ಪಾಲೂ ಅದೇ.

ಪ್ರಾಬಲ್ಯವನ್ನು ಆಲೀಲಿನ ಮಾರ್ಪಡದ ಗುಣವೆಂದು ಭಾವಿಸಿ ಒಂದೇ ಸಂಖ್ಯೆಯನ್ನು ಉದ್ದಕ್ಕೂ ಬಳಸುವವರು ಹಲವರು, ಆದರೆ ಅದು ಔಷಧದ ಪ್ರಮಾಣವನ್ನು ಅವಲಂಬಿಸಿದೆ. ಹೊಸದಾಗಿ ಸಿಂಪಡಿಸಿದ ಗೋಡೆಯ ಮೇಲೆ ಸಾಯುವ ಆರ್‌ಎಸ್ ಸೊಳ್ಳೆ, ವಾರಗಳು ಕಳೆದು ಔಷಧ ಸವೆದ ಗೋಡೆಯ ಮೇಲೆ ಬದುಕಿಕೊಳ್ಳುತ್ತದೆ, ಆದರೆ ಎಸ್‌ಎಸ್ ಆಗಲೂ ಸಾಯುತ್ತಿರುತ್ತದೆ. ಆದ್ದರಿಂದ ಆರ್‌ಎಸ್‌ನ ದರವನ್ನು ಸಿಂಪಡಣೆಯ ನಂತರದ ವಾರಗಳಿಗೆ ಅನುಗುಣವಾಗಿ ಏರುವ ಅಂಕಣವಾಗಿ ಬರೆಯುವುದೇ ಸರಿ. ಮೂರು ವಾರಕ್ಕೊಂದು ತಲೆಮಾರು ಎಂದಿಟ್ಟುಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ಐದಾರು ಸಾಲುಗಳು ತುಂಬುತ್ತವೆ.

ಮುಂದೆ ವಲಸೆಯನ್ನು ಸೇರಿಸಬೇಕು. ಔಷಧ ಮುಟ್ಟದ ಬಾವಿಗಳಿಂದ ಎಸ್ ಸೊಳ್ಳೆಗಳು ಪ್ರತಿ ತಲೆಮಾರಿಗೂ ಶೇ. 10ರಷ್ಟು ಬಂದು ಸೇರಿದರೆ ದುರ್ಬಲ ಗುಣ ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ಅದರ ಏರಿಕೆ ತಲೆಮಾರಿಗೆ ಇದ್ದದ್ದರ ಶೇ. 0.7 ಮಾತ್ರ. ಪ್ರಬಲ ಗುಣ ಆರಂಭದಲ್ಲಿ ತಲೆಮಾರಿಗೆ 1.7 ಪಟ್ಟು ಬೆಳೆಯುವುದರಿಂದ ಅದನ್ನು ಆ ವಲಸೆ ತಡೆಯಲಾರದು. ಹಾಗೆಂದು ಬಾವಿಗಳನ್ನು ಬೇಕೆಂದೇ ಬಿಡಿ ಎಂದು ಯಾರೂ ಹೇಳಲಾರರು, ಅಲ್ಲಿ ಹುಟ್ಟುವ ಸೊಳ್ಳೆಯೂ ಮಲೇರಿಯಾ ಹರಡುತ್ತದೆ. ಟ್ಯಾಂಕಿಗೆ ಭದ್ರ ಮುಚ್ಚಳ, ಬಾವಿಗೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು, ಇವು ಆರ್‌ಆರ್, ಆರ್‌ಎಸ್, ಎಸ್‌ಎಸ್ ಎಂಬ ಮೂರೂ ಬಗೆಯ ಸೊಳ್ಳೆಗಳನ್ನು ಸಮನಾಗಿ ಕಡಿಮೆ ಮಾಡುವುದರಿಂದ ಮಾದರಿಯಲ್ಲಿ ಸಂಖ್ಯೆಯನ್ನಷ್ಟೇ ಇಳಿಸಿ, ಪಿಯನ್ನು ಹಾಗೆಯೇ ಇಡಬೇಕು.

ಲಾರ್ವಾಗಳಿಗೆ ಹಾಕುವ ಟೆಮೆಫಾಸ್ ಮತ್ತು ಫಾಗಿಂಗಿನ ಮೆಲಾಥಿಯಾನ್ ಎರಡೂ ಆರ್ಗನೋಫಾಸ್ಫೇಟ್ ವರ್ಗದವು. ಒಂದೇ ನಿರೋಧಕ ಗುಣ ಎರಡನ್ನೂ ತಡೆಯುವುದಾದರೆ ಒಂದೇ ತಲೆಮಾರಿನಲ್ಲಿ ಎರಡು ಸಲ ಆಯ್ಕೆ ನಡೆದಂತಾಗುತ್ತದೆ. ಎರಡು ಹಂತಗಳ ಬದುಕುಳಿಯುವ ದರಗಳನ್ನು ಒಂದಕ್ಕೊಂದು ಗುಣಿಸಿ ಮಾದರಿಯಲ್ಲಿ ಬಳಸುವುದನ್ನು ಮರೆಯಬಾರದು. ಲಾರ್ವಾ ಔಷಧ ಗಂಡು ಹೆಣ್ಣು ಎರಡಕ್ಕೂ ತಗಲುತ್ತದೆ. ಮನೆಯೊಳಗಿನ ಸಿಂಪಡಣೆಯ ಒತ್ತಡ ಮುಖ್ಯವಾಗಿ ಹೆಣ್ಣಿನ ಮೇಲಿರುವುದರಿಂದ ಅಲ್ಲಿ ಎರಡು ಲಿಂಗಗಳಿಗೆ ಬೇರೆ ಬೇರೆ ಅಂಕಣ ಬೇಕು.

ಕೊನೆಯದಾಗಿ ಆರಂಭದ ಪಿಯನ್ನು ಎಲ್ಲಿಂದ ತರುವುದು? 100 ಸೊಳ್ಳೆಗಳಲ್ಲಿ ನೂರೂ ಸತ್ತವು ಎಂದರೆ ಪಿ ಸೊನ್ನೆ ಎಂದರ್ಥವಲ್ಲ. ನೂರರಲ್ಲಿ ಒಂದೂ ಉಳಿಯದಿದ್ದರೂ ಬದುಕಬಲ್ಲವುಗಳ ನಿಜವಾದ ಪ್ರಮಾಣ ಶೇ. 3ರವರೆಗೂ ಇರಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಗುಣ ದುರ್ಬಲವಾಗಿದ್ದರೆ ಬದುಕುವವು ಆರ್‌ಆರ್ ಮಾತ್ರ, ಆದ್ದರಿಂದ 0.03ರ ವರ್ಗಮೂಲದಂತೆ ಆರ್ ಆಲೀಲು ಶೇ. 17ರವರೆಗೂ ಅಡಗಿರಬಹುದು. ಹೀಗಾಗಿ ಸಾಧ್ಯವಿದ್ದರೆ ಸೊಳ್ಳೆಯ ಡಿಎನ್‌ಎ ಪರೀಕ್ಷೆಯಿಂದ ಪಿಯನ್ನು ನೇರವಾಗಿ ಅಳೆಯಬೇಕು. ಇಲ್ಲವಾದರೆ ಶೇ. 0.1, 1, 5, 17 ಎಂಬ ನಾಲ್ಕು ಆರಂಭಗಳಿಂದ ಮಾದರಿ ಓಡಿಸಿ ನಾಲ್ಕೂ ಗೆರೆಗಳನ್ನು ವರದಿಯಲ್ಲಿ ತೋರಿಸಬೇಕು. ಇತ್ತೀಚಿನ ಒಂದು ವರ್ಷದ ಪರೀಕ್ಷಾ ಅಂಕಿಗಳನ್ನು ಮಾದರಿಗೆ ಕೊಡದೆ ಬದಿಗಿಟ್ಟು, ಅದು ಹೇಳಿದ ಸಾವಿನ ಪ್ರಮಾಣವನ್ನು ಅವುಗಳೊಂದಿಗೆ ಹೋಲಿಸಿದ ಮೇಲೆಯೇ ಮುಂದಿನ ವರ್ಷದ ಔಷಧದ ಆಯ್ಕೆಗೆ ಅದನ್ನು ಬಳಸಬೇಕು.