ಹಳೇ ಪಿಸಿಯಲ್ಲಿ ಯೂನಿಕ್ಸ್: ಬೂಟ್ ಆಗುವಾಗ ಪರದೆ ಕಪ್ಪಾದರೆ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯಲ್ಲೋ ಶಾಲೆಯ ಲ್ಯಾಬಿನಲ್ಲೋ ಮೂಲೆ ಸೇರಿದ ಪೆಂಟಿಯಂ 4 ಪಿಸಿಗೆ ಯೂನಿಕ್ಸ್ ಬಳಗದ ಓಎಸ್‌ಗಳಾದ ಲಿನಕ್ಸ್ ಅಥವಾ ಬಿಎಸ್‌ಡಿ ಹಾಕಿದ್ದೀರಿ, ಬೂಟ್ ಆಗುವಾಗ ಪರದೆ ಕಪ್ಪಾಗುತ್ತಿದೆ ಎಂದುಕೊಳ್ಳಿ. ಕೂಡಲೇ ಓಎಸ್ ಮತ್ತೆ ಹಾಕಲು ಹೋಗಬೇಡಿ. ಚಿತ್ರ ಯಾವ ಹಂತದಲ್ಲಿ ಹೋಯಿತು ಎಂದು ನೋಡಿಕೊಳ್ಳಿ, ಮದ್ದು ಅಲ್ಲೇ ಇರುತ್ತದೆ.

ಪಿಸಿ ಆನ್ ಮಾಡಿದ ಕೂಡಲೇ ಬರುವ ಬಯಾಸ್ ಪರದೆಯೇ ಬಾರದಿದ್ದರೆ ಅದು ಯೂನಿಕ್ಸಿನ ದೋಷವಲ್ಲ. ಮಂಡಿಯ ದೂಳು ರ‍್ಯಾಮ್ ಸ್ಲಾಟಿನಲ್ಲಿ ಕೂತಿರಬಹುದು. ರ‍್ಯಾಮ್ ತೆಗೆದು ಸ್ಲಾಟ್ ಊದಿ, ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿ. ಎಜಿಪಿ ಕಾರ್ಡ್ (ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್) ಇದ್ದರೆ ಕೇಬಲನ್ನು ಇನ್ನೊಂದು ವಿಜಿಎ ಪೋರ್ಟಿಗೂ ಚುಚ್ಚಿ ನೋಡಿ. ಬೋರ್ಡಿನ ಮೇಲಿರುವ 3 ವೋಲ್ಟಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ಬಯಾಸ್ ಸೆಟ್ಟಿಂಗ್ ಅಳಿದು, ಚಿತ್ರ ಮೊದಲು ಯಾವ ಕಾರ್ಡಿನಿಂದ ಬರಬೇಕು ಎಂಬ ಆಯ್ಕೆಯೂ ಬದಲಾಗಬಹುದು.

ಹೆಚ್ಚಿನ ಗೋಳು ಮುಂದಿನ ಹಂತದ್ದು. ಯಾವ ಓಎಸ್ ಎಂದು ಕೇಳುವ ಗ್ರಬ್ ಮೆನು ಬರುತ್ತದೆ, ಕೆಲವು ಸಾಲು ಓಡುತ್ತವೆ, ಆಮೇಲೆ ಕತ್ತಲೆ ಅಥವಾ ‘ಔಟ್ ಆಫ್ ರೇಂಜ್’ ಎಂಬ ಮಾನಿಟರಿನ ಸಂದೇಶ. ಓಎಸ್‌ನ ತಿರುಳಾದ ಕರ್ನೆಲ್ ತಾನೇ ಗ್ರಾಫಿಕ್ಸ್ ಡ್ರೈವರ್ ಎತ್ತಿ ರೆಸಲ್ಯೂಷನ್ ಬದಲಿಸುವ ಕ್ಷಣ ಅದು. ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಜಾಗ ಬಿಟ್ಟು ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಟೈಪ್ ಮಾಡುವುದು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ. ಇದು ಆ ಒಂದು ಬೂಟಿಗೆ ಮಾತ್ರ. ಚಿತ್ರ ಬಂದರೆ ತೊಂದರೆ ಡ್ರೈವರ್ ರೆಸಲ್ಯೂಷನ್ ಬದಲಿಸುವ ಹಂತದ್ದು ಎಂದು ತಿಳಿಯುತ್ತದೆ. ಆದರೆ ಇದನ್ನೇ ಕಾಯಂ ಮಾಡಬೇಡಿ, ಗ್ರಾಫಿಕ್ಸ್ ವೇಗವರ್ಧನೆ ಹೋಗಿ ಕಿಟಕಿ ಎಳೆದರೂ ತಡವರಿಸುತ್ತದೆ.

ಇಂಟೆಲ್ ಗ್ರಾಫಿಕ್ಸ್ ಇರುವ ಕೆಲವು ಹಳೇ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಇಲ್ಲದ ಲ್ಯಾಪ್‌ಟಾಪ್ ಪರದೆಯೊಂದು ಇದೆ ಎಂದು ಕರ್ನೆಲ್ ನಂಬುತ್ತದೆ. ಅಲ್ಲಿ ನೋಮೋಡ್‌ಸೆಟ್ ಬದಲು ‘ವೀಡಿಯೋ=ಎಲ್‌ವಿಡಿಎಸ್-1:ಡಿ’ ಕೊಡಿ; ಎಲ್‌ವಿಡಿಎಸ್ ದೊಡ್ಡಕ್ಷರ, ಉಳಿದದ್ದು ಸಣ್ಣಕ್ಷರ.

ಮಾನಿಟರ್ ತಾನು ಯಾವ ರೆಸಲ್ಯೂಷನ್ ತೋರಿಸಬಲ್ಲೆ ಎಂದು ಪಿಸಿಗೆ ಹೇಳುವುದು ವಿಜಿಎ ಕೇಬಲಿನ 12 ಮತ್ತು 15ನೇ ಪಿನ್ನುಗಳ ಮೂಲಕ. ಅಗ್ಗದ ಕೇಬಲಿನಲ್ಲಿ ಆ ತಂತಿಗಳೇ ಇಲ್ಲದಿರಬಹುದು, ಪಿನ್ ಬಾಗಿರಲೂಬಹುದು. ಬೇರೆ ಕೇಬಲ್ ಹಾಕಿ ನೋಡಿ; ಆಗದಿದ್ದರೆ ‘ವೀಡಿಯೋ=ವಿಜಿಎ-1:1024ಎಕ್ಸ್768@60ಇ’ ಎಂದು ಒತ್ತಾಯಿಸಿ. 60 ಹರ್ಟ್ಸಿನಲ್ಲಿ ಇದಕ್ಕೆ ಸುಮಾರು 48.4 ಕಿಲೋಹರ್ಟ್ಸ್ ಸಾಲು-ವೇಗ (ಸೆಕೆಂಡಿಗೆ ಬರೆಯುವ ಸಾಲುಗಳು) ಬೇಕು, 75ರಲ್ಲಿ 60. ಹಳೇ ಸಿಆರ್‌ಟಿ (ದಪ್ಪ ಗಾಜಿನ ಟ್ಯೂಬಿನ) ಮಾನಿಟರಿನ ಮಿತಿ ಅದಕ್ಕಿಂತ ಕಡಿಮೆಯಿದ್ದರೆ 800ಎಕ್ಸ್600ಕ್ಕೆ ಇಳಿಯಿರಿ, 37.9 ಸಾಕು. ಮಿತಿ ಮೀರಿ ತುಂಬಾ ಹೊತ್ತು ಓಡಿಸಿದರೆ ಸಿಆರ್‌ಟಿ ಕೆಡಬಹುದು.

ಫ್ರೀಬಿಎಸ್‌ಡಿಯಲ್ಲಿ ಇದೇ ಕತ್ತಲೆ ಬಂದರೆ ಲೋಡರ್ ಮೆನುವಿನ 3 ಒತ್ತಿ, ‘ಸೆಟ್ ಎಚ್‌ಡಬ್ಲ್ಯೂ.ವಿಜಿಎ.ಟೆಕ್ಸ್ಟ್‌ಮೋಡ್=1’, ಆಮೇಲೆ ‘ಬೂಟ್’; ಎಲ್ಲವೂ ಸಣ್ಣಕ್ಷರ. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಓಪನ್‌ಬಿಎಸ್‌ಡಿಯಲ್ಲಿ ‘ಬೂಟ್ -ಸಿ’ ಕೊಟ್ಟು, ಅದರ ಡ್ರೈವರ್ ನಿಲ್ಲಿಸಲು ‘ಡಿಸೇಬಲ್ ಇಂಟೆಲ್‌ಡಿಆರ್‌ಎಂ’, ನಂತರ ‘ಕ್ವಿಟ್’.

ಡೆಬಿಯನ್ ಮಾದರಿಯ ಲಿನಕ್ಸಿನಲ್ಲಿ ಫಲ ಕೊಟ್ಟ ‘ವೀಡಿಯೋ=’ ಪದವನ್ನು ಕಾಯಂ ಮಾಡಲು ಇಟಿಸಿ ಕೆಳಗಿನ ಡಿಫಾಲ್ಟ್ ಫೋಲ್ಡರಿನ ಗ್ರಬ್ ಫೈಲಿನಲ್ಲಿ, ಹೆಸರು ‘ಸಿಎಂಡಿಲೈನ್ ಲಿನಕ್ಸ್ ಡಿಫಾಲ್ಟ್’ ಎಂದು ಮುಗಿಯುವ ಸಾಲಿನ ಉದ್ಧರಣ ಚಿಹ್ನೆಗಳ ಒಳಗೆ ಬರೆದು, ರೂಟ್ ಆಗಿ ‘ಅಪ್‌ಡೇಟ್-ಗ್ರಬ್’ ಓಡಿಸಿ.