ಕೊಡಗಿನಲ್ಲಿ ಮನೆ ಕಟ್ಟುವುದು ಹೇಗೆ: ಜೆಸಿಬಿಗೆ ಫೋನ್ ಮಾಡುವ ಮೊದಲು

ನಮ್ಮ ಕಡೆ ಮನೆ ಕಟ್ಟಬೇಕು ಅಂತ ಮನಸ್ಸು ಮಾಡಿದವರು ಮೊದಲು ಫೋನ್ ಮಾಡುವುದು ಜೆಸಿಬಿಯವರಿಗೆ. ಬೆಳಿಗ್ಗೆ ಬರುತ್ತಾರೆ, ಬರೆ (ಗುಡ್ಡದ ಕಡಿದಾದ ಬದಿ) ಕಡಿಯುತ್ತಾರೆ, ಮಣ್ಣನ್ನು ಮುಂದಕ್ಕೆ ತಳ್ಳಿ ಮಟ್ಟ ಮಾಡುತ್ತಾರೆ. ಸಂಜೆ ಮನೆಯವರೆಲ್ಲ ನಿಂತು, ಎಷ್ಟು ಚೆಂದದ ಜಾಗ ಆಯಿತು ಅಂತ ನೋಡುತ್ತಾರೆ. ಕಾಗದಪತ್ರ, ಪ್ಲ್ಯಾನ್, ಪಂಚಾಯಿತಿ ಎಲ್ಲ ಆಮೇಲೆ.

ನಾವೂ ಹಾಗೇ ಕಟ್ಟಿದ್ದೆವು. ಅಡುಗೆಮನೆ ಹಿಂದೆ ಹನ್ನೆರಡು ಅಡಿ ಬರೆ ನೇರವಾಗಿ ನಿಂತಿತ್ತು. ತಡೆಗೋಡೆ ಮುಂದಿನ ವರ್ಷ ಕಟ್ಟೋಣ ಅಂದುಕೊಂಡಿದ್ದೆವು. 2018ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬರೆ ಜರಿದು, ಮಣ್ಣು ಕಿಟಕಿಯ ಸರಳಿನವರೆಗೆ ಬಂತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಹಾನಿ ಬರೆದುಕೊಳ್ಳಲು ಬಂದವರು ಮೊದಲು ಕೇಳಿದ್ದು, ‘ಮನೆಯ ಲೈಸೆನ್ಸ್ ಎಲ್ಲಿ?’ ನಮ್ಮ ಹತ್ತಿರ ಇರಲಿಲ್ಲ. ಪಂಚಾಯಿತಿಯ ಪುಸ್ತಕದಲ್ಲಿ ಅಂಥದ್ದೊಂದು ಮನೆಯೇ ಇರಲಿಲ್ಲ. ಆಮೇಲೆ ಅಲೆದದ್ದು ಎಷ್ಟು ಅಂತ ನಮಗೇ ಗೊತ್ತು. ಹಾಗಾಗಿ ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಈಗ ಮನೆ ಕಟ್ಟುವವರಿಗೆ ಬಿಡಿಸಿ ಹೇಳಬೇಕು ಅನಿಸಿತು.

ಮೊದಲು ಜಾಗದ ಜಾತಕ ನೋಡಿ

ಬೇರೆ ಜಿಲ್ಲೆಯವರಿಗೆ ಜಾಗ ಎಂದರೆ ಖುಷ್ಕಿ, ತರಿ, ಬಾಗಾಯ್ತು. ನಮ್ಮಲ್ಲಿ ಜಮ್ಮಾ, ಬಾಣೆ, ಸಾಗು, ಉಂಬಳಿ, ಪೈಸಾರಿ ಅಂತ ಬೇರೆಯದೇ ಲೆಕ್ಕ. ಹೊಸದಾಗಿ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾರ ಹಕ್ಕು, ಯಾವ ಸಾಲ ಬರೆದಿದೆ ಅಂತ ಬೆರಳಿಟ್ಟು ಓದಿ.

ಜಮ್ಮಾ ಜಾಗ, ಅಂದರೆ ಒಕ್ಕಕ್ಕೆ (ಕುಲಕ್ಕೆ) ವಂಶಪಾರಂಪರ್ಯವಾಗಿ ಬಂದ ಜಾಗವಾದರೆ, ಆ ಕಾಲಂಗಳಲ್ಲಿ ಒಕ್ಕದ ಯಜಮಾನರಾದ ಪಟ್ಟೆದಾರರ ಹೆಸರು, ಅದರ ಜೊತೆಗೆ ಒಕ್ಕದ ಹತ್ತಾರು ಜನರ ಹೆಸರು ಇರುವುದು ಸಾಮಾನ್ಯ. ಕೆಲವರು ತೀರಿಕೊಂಡು ಮೂವತ್ತು ವರ್ಷ ಆಗಿರುತ್ತದೆ. ಜಮ್ಮಾ ಬಾಣೆಯ (ಗದ್ದೆಗೆ ಸೇರಿಸಿ ಕೊಟ್ಟ ಕಾಡುಜಾಗದ) ಹಿಡುವಳಿದಾರರಿಗೆ ಮಾಲೀಕತ್ವ ಕೊಡಲು ಭೂಕಂದಾಯ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದರು. ಆದರೆ ಕಾನೂನು ಬದಲಾದ ಮಾತ್ರಕ್ಕೆ ನಿಮ್ಮ ಪಹಣಿ ತಾನಾಗಿ ಬದಲಾಗುವುದಿಲ್ಲ. ಒಕ್ಕದೊಳಗೆ ಪಾಲು ಆಗಬೇಕು, ಅದರ ಸರ್ವೆ ಆಗಬೇಕು, ನಿಮ್ಮ ಪಾಲು ನಿಮ್ಮ ಹೆಸರಿಗೆ ಬರಬೇಕು. ಅಣ್ಣ ತಮ್ಮ ಬಾಯಿಮಾತಿನಲ್ಲಿ ‘ಆ ಮೂಲೆ ನೀನು ಕಟ್ಟಿಕೋ’ ಅಂದರೆ ಸಾಲುವುದಿಲ್ಲ. ಪುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ಬಂದಾಗಲೇ ಈ ಮಾತು ಎತ್ತಿ. ಆಗ ಸಹಿ ಹಾಕುವವರು ಒಂದೇ ಕಡೆ ಸಿಗುತ್ತಾರೆ.

ಪೈಸಾರಿ ಸರ್ಕಾರದ ಜಾಗ. ಕಡಿಮೆ ದುಡ್ಡಿಗೆ ಐದು ಸೆಂಟು ಸಿಗುತ್ತದೆ ಅಂತ ಯಾರಾದರೂ ಛಾಪಾ ಕಾಗದ ಬರೆದುಕೊಟ್ಟರೆ ಹತ್ತಿರ ಹೋಗಬೇಡಿ. ಅಂಥ ಕಡೆ ಹಿಂದೆಯೇ ಮನೆ ಕಟ್ಟಿ ಕೂತ ಬಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಸೆಕ್ಷನ್ ಅಡಿ ಸಕ್ರಮದ ದಾರಿ ಮಾಡಿದ್ದಾರೆ. ಹೊಸದಾಗಿ ಕಟ್ಟುವವರಿಗೆ ಅದು ದಾರಿಯಲ್ಲ. ದೇವರಕಾಡಿನ ಮಾತಂತೂ ಎತ್ತಲೇಬೇಡಿ.

ಜಾಗ ಗ್ರಾಮಠಾಣಾ (ಊರಿನ ವಸತಿಗೆ ಗುರುತಿಸಿದ ಜಾಗ) ಒಳಗಿದ್ದರೆ ಭೂಪರಿವರ್ತನೆ ಬೇಡ. ಹೊರಗೆ ಕೃಷಿ ಜಮೀನಿನಲ್ಲಿದ್ದರೆ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಪರಿವರ್ತನೆ ಮಾಡಿಸಬೇಕು. ಅರ್ಜಿ ಈಗ ಆನ್‌ಲೈನ್. ಮಡಿಕೇರಿಯಂಥ ಪಟ್ಟಣದ ಯೋಜನಾ ಪ್ರದೇಶದೊಳಗೆ ಜಾಗ ಇದ್ದರೆ, ಮಾಸ್ಟರ್ ಪ್ಲ್ಯಾನ್‌ನಲ್ಲಿ ಅದು ವಸತಿಗೆ ಗುರುತಾಗಿದೆಯೇ ಅಂತ ಪ್ರಾಧಿಕಾರದಲ್ಲಿ ಮೊದಲೇ ವಿಚಾರಿಸಿ.

ತೋಟದಲ್ಲೇ ಮನೆ ಕಟ್ಟಿದರೆ ಪರಿವರ್ತನೆ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ನಿಜ, ರೈತ ತನ್ನ ಹಿಡುವಳಿಯ ಶೇ 10ರ ಮಿತಿಯೊಳಗೆ ತೋಟದ ಮನೆ ಕಟ್ಟಬಹುದು. ಆದರೆ ಅದೇ ಸೆಕ್ಷನ್ನಿನ ವಿವರಣೆ ಪೂರ್ತಿ ಓದಬೇಕು. ಆ ಮನೆ ರೈತನ ಸ್ವಂತ ವಾಸಕ್ಕೆ, ಕೃಷಿ ಸಾಮಾನು ಇಡಲಿಕ್ಕೆ, ದನ ಕಟ್ಟಲಿಕ್ಕೆ ಮಾತ್ರ. ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ. ತೋಟದ ಮನೆ ಅಂತ ಕಟ್ಟಿ ನಾಲ್ಕು ರೂಮಿಗೆ ಹೋಂಸ್ಟೇ ಬೋರ್ಡ್ ಹಾಕುವ ಯೋಚನೆ ಇದ್ದರೆ ಈಗಲೇ ಪರಿವರ್ತನೆ ಮಾಡಿಸಿಕೊಳ್ಳಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿಗೂ ತಯಾರಾಗಿ.

ಕಸ್ತೂರಿರಂಗನ್ ವರದಿ ಬಂದರೆ ಮನೆ ಕಟ್ಟಲು ಬಿಡುವುದಿಲ್ಲ ಅಂತ ಒಂದು ಹೆದರಿಕೆ ಊರೂರಲ್ಲಿ ಇದೆ. ಆ ವರದಿಯ ಮೇಲೆ ಕೇಂದ್ರ ಹೊರಡಿಸಿದ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಕಟ್ಟಡಗಳಲ್ಲಿ ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ, ಟೌನ್‌ಶಿಪ್‌ಗಳನ್ನು. ನಿಮ್ಮ ಎರಡು ಕೋಣೆಯ ಮನೆಯನ್ನಲ್ಲ.

ಗುಡ್ಡವನ್ನು ಮಳೆಗಾಲದಲ್ಲಿ ನೋಡಿ

ಜಾಗ ಕೊಳ್ಳುವವರು ಜನವರಿಯಲ್ಲಿ ಬರುತ್ತಾರೆ. ಆಗ ಎಲ್ಲ ಜಾಗವೂ ಚೆಂದ. ದಯವಿಟ್ಟು ಕಕ್ಕಡದ ಮಳೆಯಲ್ಲಿ ಒಮ್ಮೆ ಹೋಗಿ, ಕೊಡೆ ಹಿಡಿದು ಅರ್ಧ ಗಂಟೆ ನಿಂತುಕೊಳ್ಳಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಇಳಿಯುತ್ತದೆ ನೋಡಿ. ಬೇಸಗೆಯಲ್ಲಿ ಸುಮ್ನೆ ತಗ್ಗಿನ ಹಾಗೆ ಕಾಣುವ ಜಾಗ ಆಗ ತೋಡಾಗಿ ಹರಿಯುತ್ತಿರುತ್ತದೆ. ಆ ತೋಡನ್ನು ಮುಚ್ಚಿ ಅದರ ಮೇಲೆ ಮನೆ ಕಟ್ಟಿದರೆ ನೀರು ದಾರಿ ಮರೆಯುವುದಿಲ್ಲ.

ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಗುಡ್ಡ ಕುಸಿಯಿತು. ಈ ಹೆಸರು ಕೇಳಿದರೆ ಈಗಲೂ ನಮ್ಮವರ ಮುಖ ಬದಲಾಗುತ್ತದೆ. ಮಳೆ ಜಾಸ್ತಿ ಆದದ್ದು ನಿಜ. ಆದರೆ 2018ರ ಕುಸಿತಗಳನ್ನು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಇಳಿಜಾರನ್ನು ಮನುಷ್ಯರು ಕಡಿದದ್ದನ್ನೂ ಕಾರಣ ಅಂತ ಹೇಳಿದರು.

ಹಾಗಾದರೆ ಏನು ಮಾಡಬೇಕು? ಒಂದೇ ಸಲಕ್ಕೆ ಎತ್ತರದ ಬರೆ ಕಡಿಯಬೇಡಿ. ಮೆಟ್ಟಿಲು ಮೆಟ್ಟಿಲಾಗಿ, ಸ್ವಲ್ಪ ಹಿಂದಕ್ಕೆ ಓರೆಯಾಗಿ ಕಡಿಸಿ. ಕಡಿದ ಮಣ್ಣನ್ನು ಮುಂದೆ ತುಂಬಿಸಿ ಅದರ ಮೇಲೆ ಪಾಯ ಹಾಕಲೇಬೇಡಿ. ನಮ್ಮ ಕಡೆ ಗೋಡೆ ಬಿರುಕು ಬಿಟ್ಟ ಎಷ್ಟೋ ಮನೆಗಳಲ್ಲಿ ಹಿಂದಿನ ಅರ್ಧ ಗಟ್ಟಿ ನೆಲದ ಮೇಲೆ, ಮುಂದಿನ ಅರ್ಧ ತುಂಬಿಸಿದ ಮಣ್ಣಿನ ಮೇಲೆ ಇರುತ್ತದೆ. ಮುಂದಿನ ಭಾಗ ಇಳಿಯುತ್ತದೆ, ಮನೆ ನಡುವೆ ಸೀಳುತ್ತದೆ. ಮಟ್ಟ ಮಾಡುವ ಬದಲು ಇಳಿಜಾರಿಗೆ ತಕ್ಕ ಹಾಗೆ ಎರಡು ಹಂತದಲ್ಲಿ ಮನೆ ಕಟ್ಟಬಹುದು. ಅಡುಗೆಮನೆಗೆ ಮೂರು ಮೆಟ್ಟಿಲು ಹತ್ತಿದರೆ ಏನಾಯಿತು?

ಬರೆ ಮತ್ತು ಮನೆಯ ನಡುವೆ ಜನ ನಡೆದಾಡುವಷ್ಟು ಜಾಗ ಬಿಡಿ. ತಡೆಗೋಡೆಯನ್ನು ಮನೆಯ ಜೊತೆಗೇ ಕಟ್ಟಿ, ಮುಂದಿನ ವರ್ಷಕ್ಕೆ ಅಂತ ಇಡಬೇಡಿ. ಗೋಡೆಯಲ್ಲಿ ನೀರು ಹೊರಬರುವ ಪೈಪುಗಳು ಬೇಕು, ಹಿಂಬದಿಯಲ್ಲಿ ಜಲ್ಲಿ ತುಂಬಿರಬೇಕು. ಹೊಸ ಗೋಡೆ ಕಟ್ಟಿದ ಮೇಲೆ ಪ್ರತಿ ಜೂನ್‌ನಲ್ಲಿ ನಾನು ಒಂದು ಕಬ್ಬಿಣದ ಸರಳು ಹಿಡಿದು ಒಂದೊಂದೇ ಪೈಪಿನೊಳಗೆ ತೂರಿಸುತ್ತೇನೆ. ಒಳಗೆ ಕಪ್ಪೆ ಇರುತ್ತದೆ, ಬೇರು ಇರುತ್ತದೆ, ಕಳೆದ ವರ್ಷದ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಅದು ಹೊರಬಂದ ಕೂಡಲೇ ತಣ್ಣಗಿನ ನೀರು ಕೈ ಮೇಲೆ ಚಿಮ್ಮುತ್ತದೆ. ಆ ನೀರು ತಿಳಿಯಾಗಿದ್ದರೆ ಸಮಾಧಾನ. ಮಳೆ ಜೋರಾದಾಗ ಅದೇ ಪೈಪಿನಿಂದ ಕೆಂಪು ನೀರು ಬರತೊಡಗಿದರೆ ಒಳಗಿನ ಮಣ್ಣು ಹೊರಟಿದೆ ಅಂತ ಅರ್ಥ. ಆಗ ರಾತ್ರಿ ಕಳೆಯಲಿ ಅಂತ ಕಾಯಬೇಡಿ, ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಗೆ ಹೊರಡಿ.

ಮಳೆಗಾಲದಲ್ಲಿ ಯಂತ್ರ ಬಳಸಿ ಮಣ್ಣು ಅಗೆಯುವುದನ್ನು ಜಿಲ್ಲಾಡಳಿತ ನಿಷೇಧಿಸುವುದುಂಟು. ಹಾಗಾಗಿ ನೆಲದ ಕೆಲಸ ಮಾರ್ಚ್ ಒಳಗೆ, ತಡೆಗೋಡೆ ಮೇ ಒಳಗೆ ಮುಗಿಯುವ ಹಾಗೆ ಲೆಕ್ಕ ಹಾಕಿ.

ಪಂಚಾಯಿತಿಯಲ್ಲಿ ಆಗಬೇಕಾದ್ದು

ಪರಿವರ್ತನೆ ಆದೇಶ, ನಕ್ಷೆ ಕೈಗೆ ಬಂದ ಮೇಲೆ ಗ್ರಾಮ ಪಂಚಾಯಿತಿಗೆ ಇ-ಸ್ವತ್ತು, ಅಂದರೆ ಆನ್‌ಲೈನ್ ಖಾತೆಯ, ಅರ್ಜಿ ಕೊಡಿ. ಸರ್ವೆಯವರು ಬಂದು ಅಳೆಯುತ್ತಾರೆ. ಎಲ್ಲ ಸರಿ ಇದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಡಿಜಿಟಲ್ ಸಹಿಯೊಂದಿಗೆ ನಮೂನೆ 9 ಮತ್ತು 11ಎ ಸಿಗುತ್ತವೆ. ಬ್ಯಾಂಕಿನವರು ಸಾಲಕ್ಕೆ ಕೇಳುವುದು ಇದನ್ನೇ. 11ಬಿ ಬೇರೆ. ಕ್ರಮಬದ್ಧವಲ್ಲದ ಆಸ್ತಿಯನ್ನು ತೆರಿಗೆಗಾಗಿ ಪುಸ್ತಕಕ್ಕೆ ಸೇರಿಸಿದಾಗ ಸಿಗುವುದು ಅದು. ‘ಇ-ಖಾತೆ ಇದೆ’ ಅಂತ ಜಾಗ ಮಾರುವವರು ಹೇಳಿದರೆ 11ಎ ಅಥವಾ 11ಬಿ ಅಂತ ಕೇಳಿ. ಆ ಒಂದು ಅಕ್ಷರದಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ ಇದೆ.

ಆಮೇಲೆ ಕಟ್ಟಡ ಪರವಾನಗಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯಿತಿಯ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಕಟ್ಟುವಂತಿಲ್ಲ. ಪ್ಲ್ಯಾನ್‌ನಲ್ಲಿ ಸುತ್ತ ಬಿಡುವ ಜಾಗ, ಶೌಚಾಲಯದ ಗುಂಡಿ, ಬಾವಿ ಎಲ್ಲಿ ಅಂತ ತೋರಿಸಿ. ಬರೆ ಎಲ್ಲಿದೆ, ತಡೆಗೋಡೆ ಎಲ್ಲಿ ಬರುತ್ತದೆ ಅಂತಲೂ ಬರೆಸಿ. ಯಾರೂ ಕೇಳದಿದ್ದರೂ ಬರೆಸಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಸಕಾಲದ (ಗೊತ್ತಾದ ದಿನದೊಳಗೆ ಸೇವೆ ಕೊಡುವ ಸರ್ಕಾರಿ ಯೋಜನೆ) ಅಡಿ ಬರುವ ಸೇವೆಗೆ ನಂಬರ್ ಕೊಡಲೇಬೇಕು, ಆ ನಂಬರ್ ಇದ್ದರೆ ‘ನಾಳೆ ಬನ್ನಿ’ ಅನ್ನುವುದು ಕಡಿಮೆಯಾಗುತ್ತದೆ. ಮನೆ ಮುಗಿದ ಮೇಲೆ ಪೂರ್ಣಗೊಂಡ ಪತ್ರವನ್ನೂ ತೆಗೆದುಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಕರೆಂಟು ಕನೆಕ್ಷನ್‌ಗೂ ಈ ಪತ್ರದ ಪ್ರಶ್ನೆ ಬರುತ್ತದೆ.

ಸರ್ಕಾರದ ಸಹಾಯಧನ

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ರಾಜ್ಯದ್ದು ಬಸವ ವಸತಿ, ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ. ಇವನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನೋಡಿಕೊಳ್ಳುತ್ತದೆ. ದುಡ್ಡು ಒಟ್ಟಿಗೆ ಬರುವುದಿಲ್ಲ. ಪಾಯ, ಗೋಡೆ, ತಾರಸಿ ಅಂತ ಒಂದೊಂದು ಹಂತ ಮುಗಿದಾಗ ಸ್ಥಳದ ಫೋಟೊ ಜಿಪಿಎಸ್ ಸಮೇತ ಹೋಗಬೇಕು, ಆಮೇಲೆ ಕಂತು. ಹಾಗಾಗಿ ಪಾಯದ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ.

ಕೊಡಗು ಪೂರ್ತಿ ಗುಡ್ಡ. ಆದರೂ ಲೆಕ್ಕದಲ್ಲಿ ನಾವು ಬಯಲಿನವರು. ಒಂದು ತಡೆಗೋಡೆಗೇ ಈ ಸಹಾಯಧನ ಕರಗಿಹೋಗುತ್ತದೆ. ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಕೂಲಿಯವರಿಗೆ, ದಿಡ್ಡಳ್ಳಿಯಿಂದ ಎಬ್ಬಿಸಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಹೋದಂಥ ಆದಿವಾಸಿ ಕುಟುಂಬಗಳಿಗೆ ಮೊದಲು ಬೇಕಾದ್ದು ಗಟ್ಟಿ ನೆಲ, ಆಮೇಲೆ ಗೋಡೆ. ತಡೆಗೋಡೆಯ ಖರ್ಚನ್ನು ಮನೆಯ ಖರ್ಚಿನಲ್ಲೇ ಸೇರಿಸಿ ಕೊಡಬೇಕು ಅಂತ ನಮ್ಮ ಜನಪ್ರತಿನಿಧಿಗಳು ಒತ್ತಾಯಿಸಬೇಕು. ಇದು ನ್ಯಾಯದ ಮಾತು.

ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುತ್ತದೆ. ಅವತ್ತು ಕೂಲಿ ಬಿಟ್ಟಾದರೂ ಹೋಗಿ.

ಮನೆ ಮುಂದಿನ ಚರಂಡಿಗೆ ದುಡ್ಡು ಎಲ್ಲಿಂದ?

ಮನೆ ಎಷ್ಟೇ ಗಟ್ಟಿ ಕಟ್ಟಿದರೂ ಮೇಲಿನ ರಸ್ತೆಯ ನೀರು ನಿಮ್ಮ ಬರೆಗೆ ಇಳಿದರೆ ಏನೂ ಪ್ರಯೋಜನ ಇಲ್ಲ, ಅಲ್ವಾ? ಆ ಚರಂಡಿ ಪಂಚಾಯಿತಿ ಮಾಡಬೇಕು. ಕೇಂದ್ರದ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ 2021-22ರಿಂದ 2025-26ರವರೆಗಿನ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉಳಿದ ಶೇ 40ರಲ್ಲಿ ಊರಿನ ಉಳಿದ ಕೆಲಸ ಆಗಬೇಕಿತ್ತು. ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಇತ್ತು. ತಲೆ ಎಣಿಸಿ ದುಡ್ಡು ಹಂಚುವ ಈ ಲೆಕ್ಕ ನಮ್ಮಂಥ ಕಡೆಗೆ ಒಗ್ಗುವುದಿಲ್ಲ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ 5,54,519 ಜನ, ಜಾಗ 4,102 ಚದರ ಕಿಲೋಮೀಟರ್. ಇಲ್ಲಿ ನಾಲ್ಕು ಮನೆಗೆ ಎರಡು ಕಿಲೋಮೀಟರ್ ರಸ್ತೆ ಬೇಕು.

ಉಳಿದದ್ದು ಪಂಚಾಯಿತಿಯ ಸ್ವಂತ ಆದಾಯ, ಅಂದರೆ ಮುಖ್ಯವಾಗಿ ಮನೆ ಕಂದಾಯ. ನಮ್ಮ ಮನೆಯಂತೆ ಪುಸ್ತಕಕ್ಕೇ ಸೇರದ ಮನೆಗಳಿಂದ ಒಂದು ರೂಪಾಯಿಯೂ ಬರುವುದಿಲ್ಲ. ಮೊದಲ ಸಲ ಕಂದಾಯ ಕಟ್ಟಿದ ದಿನ ಆ ರಸೀದಿಯನ್ನು ಪೂರ್ತಿ ಓದಿದೆ. ಗ್ರಂಥಾಲಯ ಸೆಸ್, ಆರೋಗ್ಯ ಸೆಸ್, ಭಿಕ್ಷುಕರ ಸೆಸ್. ಇಷ್ಟು ವರ್ಷ ನಾವು ಕೊಡದೇ ಇದ್ದದ್ದು ಇಷ್ಟೆಲ್ಲಕ್ಕೆ ಅಂತ ಗೊತ್ತಾಗಿ ಬೇಜಾರಾಯಿತು.

ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ‘ಚರಂಡಿ ಮಾಡಿ’ ಅಂತ ಬಾಯಲ್ಲಿ ಕೂಗಿದರೆ ಆಗುವುದಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಕೆಳಗೆ ಎಷ್ಟು ಮನೆ ಅಂತ ಬರೆದು, ಮಳೆಗಾಲದ ಎರಡು ಫೋಟೊ ಅಂಟಿಸಿ, ಅಕ್ಕಪಕ್ಕದವರ ಸಹಿ ಹಾಕಿಸಿ ಕೊಡಿ. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಅಲ್ಲೇ ನಿಂತು ಓದಿ. ಯೋಜನೆಯಲ್ಲಿ ಸೇರಿದೆಯೇ ಅಂತ ಇ-ಗ್ರಾಮ ಸ್ವರಾಜ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಮೇಲಿನ ರಸ್ತೆಯ ಚರಂಡಿ ಸೇರಿದ್ದು ಎರಡನೇ ವರ್ಷ. ಮೊದಲ ವರ್ಷ ಅರ್ಜಿಯಲ್ಲಿ ಮೀಟರ್ ಬರೆದಿರಲಿಲ್ಲ.