38 ಅಡಿ ಬೋಟಲ್ಲಿ ನಾವು ನಾಲ್ಕು ಜನ

ಮೂಡಿಗೆರೆ ಕಡೆ ಯಾರ್ ಸಿಕ್ಕಿದ್ರೂ ಮೊದ್ಲು ಕೇಳೋದು ಸಮುದ್ರದಲ್ಲಿ ಭಯ ಆಗ್ಲಿಲ್ವಾ ಅಂತ, ಆಮೇಲೆ ಅಡುಗೆ ಹೆಂಗ್ ಮಾಡ್ತಿದ್ರಿ ಅಂತ. ಆ ಎರಡನೇ ಪ್ರಶ್ನೆ ಕೇಳೋರ ಜೊತೆ ನಾನು ಗಂಟೆಗಟ್ಲೆ ಮಾತಾಡ್ತೀನಿ, ಯಾಕಂದ್ರೆ ಎರಡು ಸೀಸನ್ ಮಕ್ಕಳು ಕಟ್ಕೊಂಡು ಹಾಯಿದೋಣಿಲಿ ಸಂಸಾರ ಮಾಡಿದ್ಮೇಲೆ ನಂಗೆ ಗೊತ್ತಾಗಿರೋದು ಇಷ್ಟು: ಸಮುದ್ರ ತೊಂದ್ರೆ ಕೊಡೋದು ಅಪರೂಪಕ್ಕೆ, ಒಳಗಿನ ಮನೆ ದಿನಾ ನಡೀಬೇಕು.

ನಮ್ಮನೆಯವ್ರು ಮರ್ಚೆಂಟ್ ನೇವಿಲಿ ಎಂಜಿನಿಯರ್ ಆಗಿದ್ರು. ಆರು ತಿಂಗ್ಳು ಹಡಗು, ನಾಲ್ಕು ತಿಂಗ್ಳು ಮನೆ. ಮಗಳು ಅಪ್ಪನ್ನ ಫೋನಲ್ಲೇ ಹೆಚ್ಚು ನೋಡಿ ಬೆಳೆದಿದ್ದು, ಮಗ ಹುಟ್ಟಿದಾಗ ಇವ್ರು ಇರ್ಲೇ ಇಲ್ಲ. ಸಮುದ್ರ ಬಿಡೋಕೆ ಇವ್ರಿಗಾಗಲ್ಲ, ಇನ್ನು ಹಿಂಗೇ ಒಬ್ಬಳೇ ಇರೋಕೆ ನಂಗಾಗಲ್ಲ, ಆಗ ಇವ್ರೇ ಹೇಳಿದ್ದು ಎಲ್ರೂ ಒಟ್ಟಿಗೆ ಹೋಗೋಣ ಅಂತ. 2023ರ ನವೆಂಬರ್ 10ರಿಂದ ಥೈಲ್ಯಾಂಡ್, ಡಿಸೆಂಬರ್ 1ರಿಂದ ಮಲೇಷ್ಯಾ ನಮ್ಮ ಪಾಸ್‌ಪೋರ್ಟಿಗೆ 30 ದಿನ ವೀಸಾ ಇಲ್ದೆ ಬಿಡೋಕೆ ಶುರು ಮಾಡಿದ್ವು, ಅದು ಆಗಿರ್ಲಿಲ್ಲ ಅಂದ್ರೆ ನಾವು ಹೊರಡ್ತಾನೇ ಇರ್ಲಿಲ್ಲ. ಮಲೇಷ್ಯಾದ ಲಂಕಾವಿ ದ್ವೀಪ ಡ್ಯೂಟಿ ಫ್ರೀ, ದೇಶ ಸುತ್ಕೊಂಡು ಬಂದ ಎಷ್ಟೋ ಜನ ಅಲ್ಲೇ ಬೋಟ್ ಮಾರಿ ಊರಿಗೆ ಹೋಗ್ತಾರೆ, ಹಂಗಾಗಿ ಹಳೇ ಬೋಟ್ ಸಿಗುತ್ತೆ. ನಮ್ದು 38 ಅಡಿ, ನನ್ನಷ್ಟೇ ವಯಸ್ಸಾಗಿರೋದು.

ಮಾವನಿಗೆ ಬೇಜಾರಾಗಿದ್ದು ಬೋಟ್ ತಗೊಂಡಿದ್ದಕ್ಕಲ್ಲ, ನಾವು ಹೊರಡೋ ತಿಂಗಳಿಗೆ. ಅಲ್ಲಿ ಗಾಳಿ ಚೆನ್ನಾಗಿರೋದು ನವೆಂಬರಿಂದ ಏಪ್ರಿಲ್, ಇಲ್ಲಿ ನಮ್ಮ ತೋಟದ ಕಾಫಿ ಕುಯ್ಲೂ ಅದೇ ಟೈಮು. ಅರೇಬಿಕಾ ಮುಗಿಯೋ ಹೊತ್ತಿಗೆ ರೋಬಸ್ಟಾ, ಅದು ಮುಗೀತು ಅನ್ನೋ ಹೊತ್ತಿಗೆ ಕಾಫಿ ಹೂ ಅರಳಿಸೋ ಹೂವಿನ ಮಳೆ. ಮೈದುನ ನಾನ್ ನೋಡ್ಕೋತೀನಿ ಅತ್ಗೆ ಹೋಗ್ಬನ್ನಿ ಅಂದ, ಆ ಋಣ ನಮ್ಮ ಮೇಲಿದೆ.

ಹೋಗೋಕೆ ಮುಂಚೆ ನಂಗೆ ಈಜು ಬರ್ತಿರ್ಲಿಲ್ಲ. ಆರು ತಿಂಗ್ಳು ವಾರಕ್ಕೆ ಮೂರು ದಿನ ಚಿಕ್ಕಮಗಳೂರಿಗೆ ಬಸ್ಸಲ್ಲಿ ಹೋಗಿ ಮಕ್ಕಳ ಜೊತೆನೇ ಕಲ್ತೆ. ಮಕ್ಕಳನ್ನ ಕರ್ಕೊಂಡು ಬೋಟ್ ಹತ್ತೋ ಆಸೆ ಇರೋರಿಗೆ ನಾನು ಹೇಳೋದು ಒಂದೇ, ಅಮ್ಮ ಈಜು ಕಲೀದೆ ಮಕ್ಕಳನ್ನ ಹತ್ತಿಸ್ಬೇಡಿ.

ಮಲೆನಾಡಿನ ಮಳೆಗಾಲ ಗೊತ್ತಿರೋರಿಗೆ ಬೋಟಿನ ಸಂಸಾರ ಅರ್ಧ ಗೊತ್ತಿದ್ದಂಗೆ. ಜೂನ್‌ಗೆ ಮುಂಚೆ ಅಕ್ಕಿ ಬೇಳೆ ತುಂಬಿಡೋದು, ಹಪ್ಪಳ ಸಂಡಿಗೆ ಡಬ್ಬಕ್ಕೆ ಹಾಕೋದು, ಮಾವಿನಕಾಯಿ ಉಪ್ಪುನೀರಿಗೆ ಬಿಡೋದು, ಮೂರು ದಿನ ಕರೆಂಟ್ ಇಲ್ಲ ಅಂದ್ರೂ ಮನೆ ನಿಲ್ಬಾರ್ದು, ಅತ್ತೆ ಹತ್ರ ಕಲ್ತ ಅಷ್ಟೂ ಅಲ್ಲಿ ಉಪಯೋಗಕ್ಕೆ ಬಂತು. ಬೂಷ್ಟೂ ಅದೇ ಬೂಷ್ಟು. ಬಟ್ಟೆ ಮಧ್ಯೆ, ಹಾಸಿಗೆ ಅಡಿ, ಪುಸ್ತಕದ ಬೆನ್ನಿಗೆ. ಆದ್ರೆ ಇಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತೀವಿ, ಅಲ್ಲಿ ಆಗಲ್ಲ. ಉಪ್ಪುನೀರು ತಾಗಿದ ಬಟ್ಟೆ ಸಿಹಿನೀರಲ್ಲಿ ಅದ್ದದೆ ಒಣಗೋದೇ ಇಲ್ಲ, ಉಪ್ಪು ಗಾಳಿಯಿಂದ ತೇವ ಎಳ್ಕೊಳ್ತಾನೇ ಇರುತ್ತೆ, ಅದು ಗೊತ್ತಾಗೋಕೆ ನಂಗೆ ಒಂದು ತಿಂಗ್ಳು ಹಿಡೀತು.

ನೀರಿನ ವಿಷ್ಯದಲ್ಲಿ ಮಾತ್ರ ಮಲೆನಾಡಿನವ್ರು ಹೊಸದಾಗಿ ಹುಟ್ಟಿ ಬರ್ಬೇಕು. ನಮ್ಮ ಟ್ಯಾಂಕ್ 350 ಲೀಟರ್. ದಿನಕ್ಕೆ ನಾಲ್ಕು ಜನಕ್ಕೆ 40 ಲೀಟರ್ ಅಂತ ಇಟ್ಕೊಂಡ್ರೆ ಎಂಟೂಮುಕ್ಕಾಲು ದಿನ. ಹಂಡೆ ನೀರು ತುಂಬಾ ಹುಯ್ಕೊಂಡು ಅಭ್ಯಾಸ ಆಗಿರೋ ಮೈಗೆ ಎರಡು ಲೀಟರ್ ಬಾಟ್ಲಿಲಿ ಸ್ನಾನ, ಮೊದ್ಲು ಸಮುದ್ರಕ್ಕೆ ಹಾರಿ ಸೋಪು, ಕೊನೆಗೆ ಸಿಹಿನೀರು. ಪಾತ್ರೆ ಉಪ್ಪುನೀರಲ್ಲೇ ತೊಳ್ದು ಒಂದು ಸಲ ಸಿಹಿನೀರಲ್ಲಿ ಜಾಲಿಸೋದು. ಆಲೂಗಡ್ಡೆ ಸಮುದ್ರದ ನೀರಲ್ಲೇ ಬೇಯಿಸ್ತಿದ್ದೆ, ಸಿಪ್ಪೆ ಸಮೇತ ಬೇಯಿಸಿದ್ರೆ ಉಪ್ಪು ಹಿತವಾಗೇ ಹಿಡಿಯುತ್ತೆ.

ಕರೆಂಟ್ ಬಗ್ಗೆ ಎಲ್ರೂ ಕೇಳೋದು ಮಿಕ್ಸಿ. ಮಿಕ್ಸಿ ತೊಂದ್ರೆನೇ ಅಲ್ಲ. 750 ವ್ಯಾಟ್ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ 60 ಆಂಪ್ಸ್ ಮೇಲೆ ಎಳೀತು ಅಂದ್ರೆ ಗಾಬರಿ ಆಗುತ್ತೆ, ಆದ್ರೆ ಚಟ್ನಿ ರುಬ್ಬೋದು ಮೂರು ನಿಮಿಷ. ಬ್ಯಾಟರಿ ತಿನ್ನೋದು ಫ್ರಿಜ್ಜು, ಸದ್ದಿಲ್ದೆ ಹಗಲೂ ರಾತ್ರಿ. ಎರಡನೇ ತಿಂಗ್ಳು ಫ್ರಿಜ್ ಆಫ್ ಮಾಡಿ ಅದ್ರೊಳಗೆ ಈರುಳ್ಳಿ ಇಟ್ಟೆ. ಹಾಲಿನ ಪುಡಿ, ತೆಂಗಿನಕಾಯಿ, ಮೊಟ್ಟೆ ಹೊರಗೇ. ಅಂಗಡೀಲಿ ಫ್ರಿಜ್ಜಲ್ಲಿ ಇಟ್ಟಿರದ ಮೊಟ್ಟೆ ತಂದು ಎರಡು ದಿನಕ್ಕೊಂದ್ಸಲ ಟ್ರೇ ಮಗುಚಿ ಇಟ್ರೆ ಎರಡು ಮೂರು ವಾರ ಬರುತ್ತೆ. ಅಕ್ಕಿ ರೊಟ್ಟಿ ಬೋಟ್ ನಿಂತಾಗ ಮಾತ್ರ, ಓಡೋವಾಗ ಕುಕ್ಕರ್ ಒಂದೇ, ಮುಚ್ಚಳ ಕಚ್ಕೊಂಡಿರುತ್ತೆ, ಬೋಟ್ ಎಷ್ಟು ವಾಲಿದ್ರೂ ಬಿಸಿ ಸಾರು ಮೈಮೇಲೆ ಬೀಳಲ್ಲ.

ಗ್ಯಾಸ್ ವಿಷ್ಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೇಲಿ ಲೀಕ್ ಆದ್ರೆ ಬಾಗ್ಲು ತೆಗೆದ್ರೆ ಹೊಸ್ತಿಲು ದಾಟಿ ಹೋಗುತ್ತೆ. ಬೋಟ್ ಅಂದ್ರೆ ಒಂದು ದೊಡ್ಡ ಬೋಗುಣಿ, ಹೊಸ್ತಿಲೇ ಇಲ್ಲ, ಗ್ಯಾಸ್ ಹೋಗಿ ತಳದಲ್ಲಿ ಕೂತ್ಕೊಳ್ಳುತ್ತೆ, ತಳದ ನೀರು ಎತ್ತೋ ಪಂಪಿನ ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರ್ ಹೊರಗಡೆ ಬೇರೆ ಪೆಟ್ಟಿಗೇಲಿ, ಆ ಪೆಟ್ಟಿಗೆ ತಳದಿಂದ ಸಮುದ್ರಕ್ಕೆ ತೂತು. ಪ್ರತಿ ಸಲ ಅಡುಗೆ ಮುಗಿದ ಮೇಲೆ ನಾನು ಜೋರಾಗಿ ಗ್ಯಾಸ್ ಅನ್ಬೇಕು, ಐದು ವರ್ಷದ ಮಗ ಮೇಲ್ಗಡೆ ವಾಲ್ವ್ ತಿರುಗಿಸಿ ಆಫ್ ಅನ್ಬೇಕು, ಅವ್ನು ಅನ್ನೋವರೆಗೂ ನಾನು ಒಲೆ ಮುಂದಿಂದ ಕದಲಲ್ಲ. ಸುಮ್ನೆ ಆಟಕ್ಕೆ ಕೊಟ್ಟ ಕೆಲ್ಸ ಅಲ್ಲ ಅದು, ಅವ್ನು ಮರೆತ್ರೆ ನಾಲ್ಕು ಜನಕ್ಕೂ ಅಪಾಯ ಅಂತ ಅವ್ನಿಗೆ ಬಿಡಿಸಿ ಹೇಳಿದ್ವಿ. ಒಂದು ದಿನಾನೂ ಮರೀಲಿಲ್ಲ. ಈಗ ತೋಟದ ಮನೇಲಿ ಅಜ್ಜಿ ಕುಕ್ಕರ್ ಇಳಿಸಿದ್ರೆ ಹೊರಗೆ ಆಡ್ತಿರೋನು ಓಡಿ ಬಂದು ಸಿಲಿಂಡರ್ ನೋಡ್ತಾನೆ.

ಮಗಳದ್ದು ಕ್ಯಾಲೆಂಡರ್ ಕೆಲ್ಸ. ಊರಿಂದ ತಂದ ತಿಥಿ ಇರೋ ಗೋಡೆ ಕ್ಯಾಲೆಂಡರ್ ಮೇಜಿನ ಪಕ್ಕ ನೇತಾಕಿದ್ವಿ. ಅಲ್ಲಿ ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಸಮುದ್ರ ಹತ್ರಹತ್ರ 3 ಮೀಟರ್ ಏರಿ ಇಳಿಯುತ್ತೆ, ಅಷ್ಟಮಿ ಹೊತ್ತಿಗೆ ಕಮ್ಮಿ. ಲಂಗರು ಹಾಕುವಾಗ ಆಳದ ಐದು ಪಟ್ಟು ಚೈನ್ ಬಿಡ್ಬೇಕು, ಆಳ ಅಂದ್ರೆ ಈಗಿನ ಆಳ ಅಲ್ಲ, ಉಬ್ಬರ ಪೂರ್ತಿ ಏರಿದಾಗಿನ ಆಳ. ಅವ್ಳು ಕ್ಯಾಲೆಂಡರ್ ನೋಡಿ, ಟೈಡ್ ಟೇಬಲ್ ನೋಡಿ, ಬೋಟ್ ಮೂತಿ ನೀರಿಂದ ಎಷ್ಟು ಎತ್ತರ ಇದೆ ಅದನ್ನೂ ಕೂಡಿ, ಅಪ್ಪಾ 45 ಮೀಟರ್ ಅನ್ನೋಳು. ಒಂಬತ್ತು ವರ್ಷಕ್ಕೆ ಐದರ ಮಗ್ಗಿ ಅವ್ಳಿಗೆ ನಿದ್ದೇಲಿ ಎಬ್ಬಿಸಿದ್ರೂ ಬರ್ತಿತ್ತು. ಓದು ಬೆಳಿಗ್ಗೆ ಎಂಟರಿಂದ ಹನ್ನೊಂದು, ಲಂಗರು ಹಾಕಿದ ದಿನ ಮಾತ್ರ. ಓಡೋ ಬೋಟಲ್ಲಿ ಪುಸ್ತಕ ಹಿಡಿದ್ರೆ ಚಾರ್ಮಾಡಿ ಘಾಟಿಲಿ ಆಗೋದೇ ಆಗುತ್ತೆ. ಕಿಟಕಿಂದ ದೂರ ನೋಡೋ ಮಗು ವಾಂತಿ ಮಾಡಲ್ಲ, ತಲೆ ತಗ್ಗಿಸಿದ್ದು ಮಾಡುತ್ತೆ, ಸಮುದ್ರದಲ್ಲೂ ಅಷ್ಟೇ. ಮಾತ್ರೆ ಹೊರಡೋಕೆ ಮುಂಚೆನೇ ತಗೋಬೇಕು, ಹೊಟ್ಟೆ ತೊಳೆಸೋಕೆ ಶುರುವಾದ್ಮೇಲೆ ನುಂಗಿದ್ರೆ ಮಾತ್ರೆನೂ ಆಚೆ. ನಂಗೆ ನಮ್ಮೂರ ಶುಂಠಿ ಉಪ್ಪು ಹಚ್ಚಿ ಬಾಯಲ್ಲಿ ಇಟ್ಕೊಂಡ್ರೆ ತಡ್ಕೊಳ್ತಿತ್ತು.

ಜಗಳ ಆಗ್ತಿತ್ತು. 38 ಅಡಿಲಿ ಮುನಿಸ್ಕೊಂಡು ಹೋಗೋಕೆ ಇನ್ನೊಂದು ಕೋಣೆ ಇಲ್ಲ, ತೌರುಮನೆ ಇಲ್ಲ. ಹೊಂದ್ಕೊಂಡಿದ್ದು ಹೆಂಗೆ ಅಂದ್ರೆ ಮುಂದಿನ ಡೆಕ್ ಮೇಲೆ ಒಬ್ರು ಒಬ್ರೇ ಕೂತ್ರೆ ಬೇರೆ ಯಾರೂ ಮಾತಾಡಿಸ್ಬಾರ್ದು ಅಂತ ಮಾಡ್ಕೊಂಡ್ವಿ. ಮಗಳೇ ಅದನ್ನ ಹೆಚ್ಚು ಉಪಯೋಗಿಸಿದ್ದು, ಪಾಪ, ಅವ್ಳಿಗೆ ಸ್ಕೂಲಿನ ಗೆಳತೀರು ತುಂಬಾ ನೆನಪಾಗ್ತಿದ್ರು, ಅದಕ್ಕೆ ನಮ್ ಹತ್ರ ಏನೂ ಔಷಧಿ ಇರ್ಲಿಲ್ಲ.

ನಾವು ತಪ್ಪು ಮಾಡಿದ್ದು ಒಂದು ಮದುವೆಗೋಸ್ಕರ. ಏಪ್ರಿಲ್ ಕೊನೇಲಿ ಚಿಕ್ಕಮಗಳೂರಲ್ಲಿ ನಾದಿನಿ ಮದುವೆ, ಅಣ್ಣ ಅತ್ಗೆ ಇಲ್ದೆ ಧಾರೆ ಹೆಂಗಾಗುತ್ತೆ. ಲಂಕಾವಿಯಿಂದ ಟಿಕೆಟ್ ಬುಕ್ ಆಗಿತ್ತು, ನಾವು ಥೈಲ್ಯಾಂಡಿನ ಫುಕೆಟ್‌ನ ಚಾಲಾಂಗಲ್ಲಿ. ದಾರಿ 120 ನಾಟಿಕಲ್ ಮೈಲಿ ಆಸುಪಾಸು, 5 ನಾಟ್ ಸ್ಪೀಡಲ್ಲಿ ಒಂದು ಹಗಲು ಒಂದು ರಾತ್ರಿ. 5 ನಾಟ್ ಅಂದ್ರೆ ಗಂಟೆಗೆ 9 ಕಿಲೋಮೀಟರ್, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಮೂರು ಗಂಟೆ ಮೇಲಾಗೋ ಸ್ಪೀಡು. ಗಾಳಿ ತಿರುಗೋ ಕಾಲ, ಫೋರ್‌ಕಾಸ್ಟಲ್ಲಿ ಗುಡುಗು ಮಳೆ ಇತ್ತು, ಎರಡು ದಿನ ಕಾಯ್ಬೇಕಿತ್ತು. ಕಾದ್ರೆ ಫ್ಲೈಟ್ ಇಲ್ಲ. ಹೊರಟ್ವಿ.

ರಾತ್ರಿ ಮೂರಕ್ಕೆ ನನ್ ಪಾಳಿ. ಪಶ್ಚಿಮಕ್ಕೆ ನಕ್ಷತ್ರ ಒಂದೊಂದೇ ಕಾಣೆಯಾಗ್ತಿತ್ತು. ಇವ್ರನ್ನ ಎಬ್ಬಿಸ್ಬೇಕಿತ್ತು, ಹಾಯಿ ಚಿಕ್ಕದು ಮಾಡ್ಬೇಕಿತ್ತು, ಸ್ಪೀಡ್ ಕಮ್ಮಿಯಾದ್ರೆ ಲೇಟಾಗುತ್ತೆ ಅಂತ ಹತ್ತು ನಿಮಿಷ ನೋಡಿದೆ. ಆ ಹತ್ತು ನಿಮಿಷ ನಂದೇ ತಪ್ಪು. ತಣ್ಣಗಿನ ಗಾಳಿ ಕೆನ್ನೆಗೆ ಬಡೀತು, ಬೋಟ್ ಒಂದೇ ಸಲಕ್ಕೆ ಮಗ್ಗುಲಾಯ್ತು, ಒಳಗೆ ಪಾತ್ರೆ ಸದ್ದಿನ ಜೊತೆ ಇನ್ನೊಂದು ಸದ್ದು ಕೇಳ್ತು. ಮಲಗೋ ಹಲಗೆ ಪಕ್ಕ ತೊಟ್ಟಿಲಿನ ಥರ ಒಂದು ಬಟ್ಟೆ ಕಟ್ತೀವಿ, ಲೀ ಕ್ಲಾತ್ ಅಂತಾರೆ, ಅವತ್ತು ಸೆಕೆ ಅಂತ ಮಗನ ಕಡೇದು ಬಿಚ್ಚಿಟ್ಟಿದ್ವಿ. ಅವ್ನು ಬಿದ್ದು ಗದ್ದ ಒಡೀತು. ಇವ್ರು ಸೇಫ್ಟಿ ಬೆಲ್ಟ್ ಹಾಕ್ಕೊಂಡು ಮೇಲೆ ಹಾಯಿ ಇಳಿಸ್ತಾ ಇದ್ರೆ ನಾನು ಕೆಳಗೆ ಮಂಡಿಯೂರಿ ಅವ್ನ ಗದ್ದ ಒತ್ತಿ ಹಿಡ್ಕೊಂಡಿದ್ದೆ, ಮಗಳು ಒಂದು ಕೈಲಿ ಮೇಜಿನ ಕಂಬ ಒಂದು ಕೈಲಿ ಟಾರ್ಚ್ ಹಿಡ್ದು ಪೂರ್ತಿ ಅಳ್ತಾನೇ ಇದ್ಲು, ಟಾರ್ಚ್ ಮಾತ್ರ ಅಲುಗಾಡಿಸ್ಲಿಲ್ಲ. ಗಾಯದ ಟೇಪ್ ನಾಲ್ಕು ಹಾಕ್ದೆ. ಮುಕ್ಕಾಲು ಗಂಟೇಲಿ ಗಾಳಿ ಹೋಯ್ತು, ಬರೀ ಮಳೆ.

ಫ್ಲೈಟ್ ಸಿಕ್ತು. ಮದುವೆ ಫೋಟೋದಲ್ಲೆಲ್ಲ ಮಗನ ಗದ್ದಕ್ಕೆ ಬಿಳೀ ಪಟ್ಟಿ ಇದೆ. ಅತ್ತೆ ಬೈಲಿಲ್ಲ, ಅವ್ನನ್ನ ತೊಡೆ ಮೇಲಿಂದ ಇಳಿಸ್ಲೇ ಇಲ್ಲ ಅಷ್ಟೇ, ಅದು ನಂಗೆ ಬೈದಿದ್ದಕ್ಕಿಂತ ಜಾಸ್ತಿ ನಾಟ್ತು. ಆಮೇಲಿನ ಸೀಸನ್ ಪೂರ್ತಿ ಊರಿನ ಯಾವ ಕಾರ್ಯ ಇದ್ರೂ ಹದಿನೈದು ದಿನ ಮುಂಚೆನೇ ಬೋಟನ್ನ ಮರೀನಾಕ್ಕೆ ತಂದು ಕಟ್ತಿದ್ವಿ, ಅಷ್ಟು ಮುಂಚೆ ಆಗಲ್ಲ ಅಂದ್ರೆ ಬರಲ್ಲ ಅಂತ ಫೋನ್ ಮಾಡಿ ಹೇಳ್ತಿದ್ವಿ. ಎರಡು ಗೃಹಪ್ರವೇಶ, ಒಂದು ನಾಮಕರಣ ತಪ್ಪಿತು. ಒಂದು ಮನೆಯವ್ರು ಇವತ್ತಿಗೂ ಸರಿಯಾಗಿ ಮಾತಾಡಲ್ಲ.

ಈಗ ಮಳೆಗಾಲ, ಬೋಟ್ ಲಂಕಾವಿಲಿ ದಡದ ಮೇಲೆ ಕಬ್ಬಿಣದ ಸ್ಟ್ಯಾಂಡಲ್ಲಿ ನಿಂತಿದೆ, ಹೋದ ತಕ್ಷಣ ತಳ ಕೆರೆದು ಬಣ್ಣ ಹೊಡೀಬೇಕು. ಮೂಡಿಗೆರೆಲಿ ಕಾಫಿ ಒಣಗಿಸೋ ಟಾರ್ಪಲ್ ಹೊಲಿಯೋರ ಹತ್ರ ಎರಡು ಹೊಸ ಲೀ ಕ್ಲಾತ್ ಹೊಲಿಯೋಕೆ ಕೊಟ್ಟಿದೀನಿ, ಗಾಳಿ ಆಡೋ ಹಂಗೆ ಮಧ್ಯದಲ್ಲಿ ಬಲೆ ಹಾಕ್ಸಿ. ಮಗ ಒಂದು ಗೇಣು ಉದ್ದ ಆಗಿದಾನೆ, ಹಳೇ ಅಳತೆ ಸಾಲಲ್ಲ.